ಹುಸೇನಬಿಯ ಕೈ ಕಲಿತದ್ದು

ನಾನು ಡೇಟಾಬೇಸ್ ಕಡೆಯವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಕೇಂದ್ರದಲ್ಲಿ ಏನಾದರೂ ಕೆಟ್ಟಾಗ ಎಲ್ಲರೂ ಮೊದಲು ಕೇಳುವುದು ಅದನ್ನೇ: ನೀವು ಯಾವ ಕಡೆಯವರು? ಮಾಹಿತಿಯನ್ನು ಜೋಪಾನವಾಗಿ ಇಟ್ಟುಕೊಂಡು ಕೂತ ನಾವು ಹೆಣ್ಣಿನ ಕಡೆಯವರು ಅಂತ ಇಟ್ಟುಕೊಳ್ಳಿ. ಅದನ್ನು ಓದಿ ಕೆಲಸ ಮಾಡಿಸುವ ಕೋಡ್ ಬರೆಯುವವರು ಗಂಡಿನ ಕಡೆಯವರು. ಮದುವೆಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾದರೂ ಬೀಗರು ಒಬ್ಬರ ಮೇಲೊಬ್ಬರು ತಪ್ಪು ಹಾಕುತ್ತಾರಲ್ಲ, ನಮ್ಮದೂ ಅದೇ ಸಂಸಾರ. ಕೊಟ್ಟದ್ದು ಸರಿ ಇತ್ತು ಅಂತ ನಾವು, ಬಂದದ್ದೇ ಹೀಗೆ ಅಂತ ಅವರು.

ಗದಗಿನ ಒಗ್ಗುಗೈ ಕೇಂದ್ರ ನಮ್ಮದು. ಕೈ ಕಳೆದುಕೊಂಡವರಿಗೆ ಕೈ ಕೊಡುತ್ತೇವೆ. ನಗಬೇಡಿ, ನಿಜವಾಗಿಯೂ ಕೈ ಕೊಡುತ್ತೇವೆ. ಹಿಂದಿನ ಕಾಲದ ಮರದ ಕೈ, ಪ್ಲಾಸ್ಟಿಕ್ ಕೈ ಅಲ್ಲ ಇದು. ಒಗ್ಗುಗೈ ಕಲಿಯುತ್ತದೆ. ತೋಳಿನ ನರದಿಂದ ಬರುವ ಸೂಚನೆ ಹಿಡಿದು ಬೆರಳು ಆಡಿಸುತ್ತದೆ, ಮುಟ್ಟಿದ್ದನ್ನು ನರಕ್ಕೆ ವಾಪಸ್ ಹೇಳುತ್ತದೆ, ಹಾಕಿಕೊಂಡವರು ಬಾಯಲ್ಲಿ ಹೇಳಿದ್ದನ್ನೂ ಕೇಳಿಸಿಕೊಳ್ಳುತ್ತದೆ. ರೊಟ್ಟಿ ಬಡಿಯುವವಳ ಕೈ ರೊಟ್ಟಿ ಕಲಿಯುತ್ತದೆ, ಕ್ಷೌರ ಮಾಡುವವನ ಕೈ ಕತ್ತಿ ಕಲಿಯುತ್ತದೆ. ಆದರೆ ಕಲಿತದ್ದನ್ನೆಲ್ಲ ಇಟ್ಟುಕೊಳ್ಳಲು ಮಣಿಕಟ್ಟಿನಲ್ಲಿ ಜಾಗ ಇಲ್ಲ. ಅದಕ್ಕೆ ಪಾಠಗಳೆಲ್ಲ ನಮ್ಮ ಡೇಟಾಬೇಸಿಗೆ ಬಂದು ಕೂರುತ್ತವೆ. ಬೇಕಾದಾಗ ಕೋಡ್ ಆ ಪಾಠ ಓದಿ, ಎಷ್ಟು ಬಿಗಿ ಹಿಡಿಯಬೇಕು ಅಂತ ಲೆಕ್ಕ ಹಾಕಿ ಕೈಗೆ ಹೇಳುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ.

ಊರಿನ ಮಂದಿ ಇದನ್ನು ಬಲು ಬೇಗ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ತಮ್ಮದೇ ಅರ್ಥವನ್ನೂ ಹಚ್ಚಿಕೊಂಡರು. ಕೈ ಹಾಕಿಕೊಂಡವರಿಂದ ಕಲಿಯುತ್ತದೆ ಅಂದಮೇಲೆ, ಅವರ ಮನಸ್ಸಿನಲ್ಲಿ ಇದ್ದದ್ದನ್ನೂ ಕಲಿಯುತ್ತದೆ ಅಲ್ಲವೇ? ಹಾಗಂತ ಯಾರೋ ಒಬ್ಬರು ಅಂದರು, ಉಳಿದವರು ತಲೆ ಆಡಿಸಿದರು. ಆ ಮಾತು ಹೋಗಿ ತಗುಲಿದ್ದು ಬಳೆಗಾರ ಓಣಿಯ ಹುಸೇನಬಿಗೆ.

ಹುಸೇನಬಿಯ ಎಡಗೈ ಹಿಟ್ಟಿನ ಗಿರಣಿಯ ಪಟ್ಟಾಕ್ಕೆ ಸಿಕ್ಕು ಹೋಗಿತ್ತು. ಬಳೆ ತೊಡಿಸುವವರಿಗೆ ಎಡಗೈ ಅಂದರೆ ಜೀವ. ಬಲಗೈ ಬರೀ ಬಳೆ ಏರಿಸುತ್ತದೆ. ಎದುರಿಗೆ ಕೂತವಳ ಅಂಗೈಯನ್ನು ಹದವಾಗಿ ಹಿಸುಕಿ, ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಗಾಜಿನ ಬಳೆ ಒಡೆಯದಂತೆ, ಕೈಗೂ ನೋವಾಗದಂತೆ ದಾರಿ ಮಾಡಿಕೊಡುವುದು ಎಡಗೈ. ಒಗ್ಗುಗೈ ಹಾಕಿಸಿಕೊಂಡ ಮೇಲೆ ಆಕೆ ಅದಕ್ಕೆ ಈ ವಿದ್ಯೆಯನ್ನು ಮಗುವಿಗೆ ಅಕ್ಷರ ತಿದ್ದಿಸುವಷ್ಟು ತಾಳ್ಮೆಯಿಂದ ಕಲಿಸಿದ್ದಳು. ಗಿರಾಕಿಯ ಅಂಗೈ ಮುಟ್ಟಿ ನೋಡಿ, ಅಂಗಡಿಯ ಒಳಗಿದ್ದ ಗಂಡ ದಸ್ತಗೀರಸಾಬನಿಗೆ ಸೈಜು ಕೂಗುತ್ತಿದ್ದಳು, "ಎರಡು ಆರು ಕೊಡ್ರಿ", "ಎರಡು ಎಂಟು ಕೊಡ್ರಿ" ಅಂತ. ಆತ ಆ ಸೈಜಿನ ಬಳೆಯ ಕಟ್ಟು ತಂದುಕೊಡುತ್ತಿದ್ದ. ಕೈಯೂ ಆ ಕೂಗು ಕೇಳಿಸಿಕೊಂಡೇ ಎಷ್ಟು ಹಿಸುಕಬೇಕು ಅಂತ ತಿಳಿದುಕೊಳ್ಳುತ್ತಿತ್ತು.

ವರ್ಷಗಟ್ಟಲೆ ಚೆನ್ನಾಗಿ ನಡೆಯಿತು. ಈ ಯುಗಾದಿ ಕಳೆದ ಮೇಲೆ ಕೈ ಕೆಟ್ಟಿತು. ಅದೂ ಎಲ್ಲರಿಗಲ್ಲ, ಬಸುರಿಯರಿಗೆ ಮಾತ್ರ. ಒಬ್ಬಳಿಗೆ ಅಂಗೈ ಕೆಂಪಾಗಿ ಊದಿತು, ಇನ್ನೊಬ್ಬಳು ಚೀರಿಕೊಂಡು ಎದ್ದು ಹೋದಳು. ಕೊನೆಗೆ ದಾಕ್ಷಾಯಣಿ ಅನ್ನುವ ಹುಡುಗಿಯ ಕುಬಸದಲ್ಲಿ ದೊಡ್ಡ ಅನಾಹುತವೇ ಆಯಿತು. ಕುಬಸ ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ದಿನ. ಅಂಥ ದಿನ, ಅಷ್ಟು ಮುತ್ತೈದೆಯರ ನಡುವೆ, ಹುಸೇನಬಿಯ ಕೈ ಆ ಹುಡುಗಿಯ ಬಲಗೈಯನ್ನು ಹಿಡಿದದ್ದು ಬಿಡಲಿಲ್ಲ. ಬಳೆಗಳು ಪುಡಿಪುಡಿಯಾದವು. ಹೆಬ್ಬೆರಳ ಬುಡದ ಎಲುಬು ಬಿರುಕು ಬಿಟ್ಟು ಪ್ಲಾಸ್ಟರ್ ಹಾಕಬೇಕಾಯಿತು.

ದಾಕ್ಷಾಯಣಿಯ ಅತ್ತೆ ಅಲ್ಲೇ ಎಲ್ಲರೆದುರು ಅಂದುಬಿಟ್ಟಳಂತೆ: "ಮಕ್ಕಳಿಲ್ಲದಾಕಿ. ಬಸುರಿ ಕಂಡ್ರ ಹೊಟ್ಟಿಕಿಚ್ಚು. ಬಾಯಿ ನಗತದ, ಕೈ ಸುಳ್ಳ ಹೇಳೂದಿಲ್ಲ."

ಎಂಥ ಮಾತು ಅದು! ಕೇಳಿದಾಗ ನನ್ನ ಮೈ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು ನಮ್ಮ ನಿರ್ದೇಶಕರ ಸಭೆಯಲ್ಲಿ. ಅವರು ಅದೇ ಮಾತಿಗೆ ಕೋಟು ತೊಡಿಸಿ ಕೂರಿಸಿದ್ದರು. "ಭಾವನಾತ್ಮಕ ಕಲಿಕೆ," ಅಂದರು. ನರದ ಸೂಚನೆಯಲ್ಲಿ ಉದ್ವೇಗ ಬೆರೆತರೆ ಹಿಡಿತ ಬಿಗಿಯಾಗುವ ಸಂಭವ ಇದೆಯಂತೆ. ಸಂತಾನವಿಲ್ಲದ ಮಹಿಳೆ, ಎದುರಿಗೆ ಗರ್ಭಿಣಿ, ಹಾಗಾಗಿ ಕೈ ಅವಳ ಸುಪ್ತ ಭಾವನೆಯನ್ನು ಕಲಿತಿರಬಹುದಂತೆ. ಅವರ ಮುಖದಲ್ಲಿ ಬೇಸರಕ್ಕಿಂತ ಉತ್ಸಾಹವೇ ಹೆಚ್ಚಿತ್ತು. ಈ ವಿಷಯದ ಮೇಲೆ ಸಮ್ಮೇಳನದಲ್ಲಿ ಪ್ರಬಂಧ ಓದುವ ಆಸೆ ಅವರಿಗೆ ಆಗಲೇ ಹುಟ್ಟಿತ್ತು.

"ಶುಕ್ರವಾರ ಸಮಿತಿ ಕೂರುತ್ತೆ. ಕೈಗೆ ಬೀಗ ಹಾಕೋದೇ ಸರಿ," ಅಂದರು.

ಬೀಗ ಹಾಕುವುದು ಅಂದರೆ ಕಲಿತದ್ದನ್ನೆಲ್ಲ ಅಳಿಸಿ, ಬರೀ ಮುಚ್ಚುವ ತೆರೆಯುವ ಕೈ ಮಾಡಿ ಕಳಿಸುವುದು. ಚೀಲ ಹಿಡಿಯಬಹುದು, ಬಾಗಿಲು ತಳ್ಳಬಹುದು. ಇನ್ನೊಬ್ಬರ ಕೈ ಹಿಡಿಯುವಂತಿಲ್ಲ. ಹುಸೇನಬಿಯ ಕಸುಬು ಅಲ್ಲಿಗೆ ಮುಗಿಯಿತು. ಅದಕ್ಕಿಂತ ಕೆಟ್ಟದ್ದು, ಆ ಅತ್ತೆಯ ಮಾತಿಗೆ ಸರ್ಕಾರಿ ಮೊಹರು ಬಿದ್ದ ಹಾಗಾಗುತ್ತದೆ.

"ಒಂದ್ಸಲ ನಮ್ಮ ಕಡೆ, ಅವರ ಕಡೆ ಎರಡೂ ತಪಾಸಣೆ ಮಾಡಿ ನೋಡ್ತೀವಿ," ಅಂದೆ.

"ಶುಕ್ರವಾರದೊಳಗೆ ನೋಡಿ," ಅಂದರು ನಿರ್ದೇಶಕರು, ನೋಡಿದರೆ ಏನು ಸಿಗುತ್ತದೆ ಅನ್ನುವ ದನಿಯಲ್ಲಿ.

*

ಗಂಡಿನ ಕಡೆಯ ಮುಖ್ಯಸ್ಥ ಸೃಜನ್ ಕೋಟ್ಯಾನ್. ಉಡುಪಿ ಕಡೆಯ ಹುಡುಗ, ಬುದ್ಧಿವಂತ, ಗದಗಿನ ಬಿಸಿಲು ಮತ್ತು ಜೋಳದ ರೊಟ್ಟಿ ಎರಡನ್ನೂ ಬೈಯುತ್ತಲೇ ಎರಡಕ್ಕೂ ಒಗ್ಗಿಕೊಂಡವನು. ಯುಗಾದಿಗೆ ಹೊಸ ಕೋಡ್ ಬಿಟ್ಟದ್ದು ಅವನ ತಂಡವೇ. ಹಳೆಯ ಕೋಡಿನಲ್ಲಿ ಪ್ರತಿ ಪಾಠವೂ ಬೇರೆ ಬೇರೆ. ಒಂದೊಂದು ಸೈಜಿಗೆ ಒಂದೊಂದು ಹಿಡಿತ, ಹೆಸರು ಕರೆದಂತೆ. ಹೊಸದರಲ್ಲಿ ಕೈಗೆ ಅಳತೆಗಳು ಸಂಖ್ಯೆಗಳಾಗಿ ಅರ್ಥವಾಗುತ್ತವೆ. ಎರಡು ಪಾಠ ಗೊತ್ತಿದ್ದರೆ ನಡುವಿನದನ್ನು ಅದೇ ಊಹಿಸುತ್ತದೆ. ಬಡಗಿಗಳಿಗೆ, ದರ್ಜಿಗಳಿಗೆ ಬಹಳ ಅನುಕೂಲವಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

"ನಮ್ಮ ಕೋಡಲ್ಲಿ ಎಂತ ತೊಂದರೆಯೂ ಇಲ್ಲ ಮೇಡಂ," ಅಂದ ಸೃಜನ್. "ರಬ್ಬರ್ ಅಂಗೈ ಇಟ್ಟು ನೋಡಿ ಆಯ್ತು. ಎರಡು ಪಾಯಿಂಟ್ ಎರಡು, ನಾಲ್ಕು, ಆರು, ಎಂಟು, ಎಲ್ಲ ಪಾಸ್. ನಿಮ್ಮ ಡೇಟಾದಲ್ಲೇ ಎಂತದೋ ಉಂಟು."

"ನಮ್ಮ ಡೇಟಾದಲ್ಲಿ ಏನೂ ಇಲ್ಲಪ್ಪ. ಆಕೆ ಕೂಗಿದ್ದು ಕೂಗಿದ ಹಾಗೆ ಇದೆ."

"ಹಾಗಾದ್ರೆ ಮತ್ತೆ ಸರ್ ಹೇಳಿದ್ದೇ ಸರಿ ಇರ್ಬಹುದಲ್ಲ? ಭಾವನೆ?"

"ಭಾವನೆಗೆ ಯಾವ ಕಾಲಮ್ಮು ಇಟ್ಟಿದೀರಿ, ತೋರಿಸು," ಅಂದೆ. ಸಿಟ್ಟು ಬಂದರೆ ನನ್ನ ದನಿ ಏರುತ್ತದೆ, ಅದು ಇಡೀ ಕೇಂದ್ರಕ್ಕೇ ಗೊತ್ತು. "ಏನೋ ಗೊತ್ತಾಗಲಿಲ್ಲ ಅಂದ ತಕ್ಷಣ ತಿಳಿದದ್ದು ತುಂಬೋದು ನಿಮ್ಮ ಕಡೆಯವರ ಚಾಳಿ. ಮೊನ್ನೆ ಖಾಲಿ ಜಾಗ ಕಂಡ ಕಡೆ ಎಲ್ಲ ಸೊನ್ನೆ ತುಂಬಿದ್ದು ಯಾರು? ಖಾಲಿ ಬೇರೆ, ಸೊನ್ನೆ ಬೇರೆ ಅಂತ ಎಷ್ಟು ಸಲ ಹೇಳಬೇಕು? ಒಂದು ಮನೆ ಬಾಗಿಲು ಬಡಿದು, ಒಳಗೆ ಯಾರೂ ಇಲ್ಲ ಅಂತ ತಿಳಿದುಕೊಂಡರೆ ಅದು ಸೊನ್ನೆ. ಬಾಗಿಲೇ ಬಡಿದಿಲ್ಲ ಅಂದರೆ ಖಾಲಿ. ಬಡಿಯದೇ ಯಾರೂ ಇಲ್ಲ ಅಂತ ಬರೆಯೋದು ಸುಳ್ಳು."

"ಆಯ್ತು ಮಾರಾಯ್ರೆ, ಅದು ಸರಿ ಮಾಡಿದ್ದೇನಲ್ಲ," ಅಂತ ಅವನು ಎರಡೂ ಕೈ ಎತ್ತಿ ಶರಣಾದ. ಅವನ ಗುಣ ಒಳ್ಳೆಯದು. ಬೈಸಿಕೊಂಡ ಮೇಲೂ ಚಹಾ ತರಿಸುತ್ತಾನೆ.

ಇಬ್ಬರೂ ಕೂತು ದಾಖಲೆಗಳನ್ನು ಜಾಲಾಡಿದೆವು. ಎಲ್ಲೂ ಕೆಂಪು ಗುರುತು ಇಲ್ಲ, ಎಲ್ಲೂ ದೂರು ಇಲ್ಲ. ಡೇಟಾಬೇಸ್ ಕೊಟ್ಟಿದೆ, ಕೋಡ್ ತೆಗೆದುಕೊಂಡಿದೆ, ಕೈ ಹಿಡಿದಿದೆ. ಯಾವ ಯಂತ್ರವೂ ತಾನು ತಪ್ಪಿದೆ ಅಂತ ಅಂದುಕೊಂಡಿರಲಿಲ್ಲ. ಇಂಥ ತಪ್ಪುಗಳೇ ನಮ್ಮ ಪ್ರಾಣ ತಿನ್ನುವುದು.

*

ಮರುದಿನ ಬೆಳಿಗ್ಗೆ ನಾನೇ ಬಳೆಗಾರ ಓಣಿಗೆ ಹೋದೆ. ಅಂಗಡಿ ಅರ್ಧ ತೆರೆದಿತ್ತು. ದಸ್ತಗೀರಸಾಬ ಬಾಗಿಲಲ್ಲೇ ಕೂತು, ಧೂಳು ಇಲ್ಲದ ಬಳೆಗಳ ಧೂಳು ಒರೆಸುತ್ತಿದ್ದ. ಗೂಟಗಳಿಗೆ ಸೈಜಿನ ಪ್ರಕಾರ ಬಳೆಯ ಕಟ್ಟುಗಳು ಸಾಲಾಗಿ ತೂಗುತ್ತಿದ್ದವು. ಬಿಸಿಲು ಬಿದ್ದು ಗೋಡೆಯೆಲ್ಲ ಹಸಿರು, ಕೆಂಪು. ಗಿರಾಕಿ ಒಬ್ಬರೂ ಇರಲಿಲ್ಲ.

"ಬರ್ರಿ ಬಾಯಾರ," ಅಂತ ಎದ್ದ. "ಒಳಗದಾಳ. ಉಣ್ಣವಲ್ಲಳು. ನೀವರ ಹೇಳ್ರಿ."

ಹುಸೇನಬಿ ಒಳಮನೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು, ಬಲಗೈ ಒಂದರಲ್ಲೇ. ಎಡಗೈಯನ್ನು ತೋಳಿನಿಂದ ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಕಪಾಟಿನ ಮೇಲೆ ಇಟ್ಟಿದ್ದಳು.

"ಯಾಕ್ರಿ ತೆಗೆದಿಟ್ಟೀರಿ?" ಅಂದೆ.

"ಹಾಕ್ಕೊಳ್ಳಾಕ ಅಂಜಿಕಿ ಬರ್ತದ್ರಿ ಅಕ್ಕಾರ." ಸೊಪ್ಪಿನಿಂದ ಕಣ್ಣು ಎತ್ತಲಿಲ್ಲ. "ಮುಂಜಾನೆ ನಮ್ಮ ಮನಿಯವರಿಗೆ ಚಾ ಕೊಡುವಾಗ ಅನಿಸ್ತು, ಇವರ ಕೈನೂ ಹಿಡದ್ರ ಏನ್ ಗತಿ ಅಂತ. ಅದಕ್ಕ ತೆಗದಿಟ್ಟೆ."

"ಆ ಹೆಂಗಸು ಬಾಯಿಗೆ ಬಂದದ್ದು ಅಂದ್ಲು ಅಂತ ನೀವೂ ನಂಬೋದೇನು?"

ಆಕೆ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. ಆಮೇಲೆ ಅಂದಳು, "ಮಂದಿ ಅನ್ನೂದು ಬಿಡ್ರಿ. ನನಗ ನನ್ನ ಮ್ಯಾಲೇ ಸಂಶೆ. ಕೈ ನನ್ನಿಂದನ ಕಲೀತದ ಅಂತ ನೀವ ಹೇಳೀರಿ. ಒಂದೊಂದ್ಸಲ ಹಸರ ಬಳಿ ಏರಸುವಾಗ ಅನಸ್ತಿತ್ರಿ, ನನಗೊಂದು ಆಗಲಿಲ್ಲಲ್ಲ ಅಂತ. ಸುಳ್ಳ ಯಾಕ ಹೇಳಲಿ? ಅನಸ್ತಿತ್ತು. ನಾ ನುಂಗಿಕೊಂಡು ದುವಾ ಮಾಡ್ತಿದ್ದೆ. ನಾ ನುಂಗಿದ್ದನ್ನ ಕೈ ಕಲ್ತುಬಿಡ್ತೇನ್ರಿ?"

ಇಷ್ಟು ಹೇಳಿ ಆಕೆ ಅತ್ತಳು. ಬಾಗಿಲಲ್ಲಿ ದಸ್ತಗೀರಸಾಬ ಬಳೆ ಒರೆಸುವುದನ್ನು ನಿಲ್ಲಿಸಿದ. ಇಲ್ಲ ಅಂತ ಗಟ್ಟಿಯಾಗಿ ಹೇಳಬೇಕು ಅಂತಿದ್ದೆ, ಆದರೆ ಯಾವ ಆಧಾರದ ಮೇಲೆ ಹೇಳಲಿ? ನಮ್ಮ ದೊಡ್ಡವರು ಬರೆದುಕೊಂಡಿದ್ದೂ ಅದನ್ನೇ ಅಲ್ಲವೇ.

"ನಾಳೆ ಕೇಂದ್ರಕ್ಕ ಬರ್ರಿ, ಇಬ್ಬರೂ. ಬಳೆ ತಗೊಂಡು ಬರ್ರಿ," ಅಂದೆ. "ರಬ್ಬರ್ ಕೈ ಸಾಕಾತು. ನನ್ನ ಕೈಗೆ ತೊಡಿಸ್ರಿ."

ಆಕೆ ಹೌಹಾರಿದಳು. "ಬ್ಯಾಡ್ರಿ ಅಕ್ಕಾರ! ನಿಮ್ಮ ಕೈ ಹೋದ್ರ ಕೆಲಸ ಹೆಂಗ ಮಾಡ್ತೀರಿ?"

"ನಮ್ಮ ಕೆಲಸ ಒಂದು ಬೆರಳಲ್ಲೂ ಆಗ್ತದ. ನಮ್ಮ ಆಫೀಸಿನಾಗ ಅರ್ಧ ಮಂದಿ ಹಂಗೇ ಮಾಡ್ತಾರ," ಅಂದೆ. ಅಳುವಿನ ನಡುವೆಯೇ ಆಕೆಗೆ ಚೂರು ನಗು ಬಂತು.

*

ನನ್ನ ಕೈ ದೊಡ್ಡದು. ಗಂಡಸರ ಕೈ ಅಂತ ನಮ್ಮವ್ವ ಸಣ್ಣವಳಿದ್ದಾಗಲೇ ಬೈಯುತ್ತಿದ್ದಳು. ಗಾಜಿನ ಬಳೆಯ ಆಸೆ ಬಿಟ್ಟು ಎಷ್ಟೋ ವರ್ಷವಾಗಿದೆ. ಪರೀಕ್ಷಾ ಕೊಠಡಿಯಲ್ಲಿ ಹುಸೇನಬಿಯ ಎದುರು ಕೂತು ನನ್ನ ಎಡಗೈ ಮುಂದೆ ಚಾಚಿದೆ. ಆಕೆ ಬಲಗೈಯಿಂದ ನನ್ನ ಅಂಗೈಯನ್ನು ಮೃದುವಾಗಿ ಮುಟ್ಟಿ ನೋಡಿದಳು. ಸೃಜನ್ ತನ್ನ ಪರದೆಯ ಮುಂದೆ ನಿಂತಿದ್ದ. ಹಿಡಿತವನ್ನು ಯಾವ ಕ್ಷಣದಲ್ಲಾದರೂ ಕಡಿದುಹಾಕಲು ಒಂದು ಗುಂಡಿ ಅವನ ಬೆರಳ ಕೆಳಗೇ ಇತ್ತು. ನನ್ನ ಪರದೆಯಲ್ಲಿ ಡೇಟಾಬೇಸ್ ತೆರೆದಿತ್ತು.

"ಎರಡು ಹತ್ತು ಕೊಡ್ರಿ," ಅಂತ ಹುಸೇನಬಿ ಗಂಡನಿಗೆ ಹೇಳಿದಳು.

ಒಗ್ಗುಗೈ ನನ್ನ ಕೈ ಹಿಡಿಯಿತು.

"ಅಯ್ಯಯ್ಯೋ ಯವ್ವಾ! ಬಿಡಿಸೋ!"

ಸೃಜನ್ ಗುಂಡಿ ಒತ್ತಿದ. ಬೆರಳುಗಳು ಸಡಿಲವಾದವು. ಹುಸೇನಬಿ ಆ ಕೈಯನ್ನು ಕಿತ್ತೆಸೆಯುವವಳ ಹಾಗೆ ಹಿಂದಕ್ಕೆ ಎಳೆದುಕೊಂಡು ಗೋಡೆಗೆ ಒತ್ತಿ ನಿಂತಳು. ನನ್ನ ಕಣ್ಣಲ್ಲಿ ನೀರು, ಅಂಗೈಯಲ್ಲಿ ಬೆಂಕಿ. ಆದರೂ ಆ ನೋವಿನ ನಡುವೆ ಒಂದು ಸಂಗತಿ ಹೊಳೆದು ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಎಲ್ಲರೂ ಗಾಬರಿಯಾಗಿ ನನ್ನನ್ನೇ ನೋಡಿದರು.

"ಹುಸೇನಬಿ, ಇಲ್ಲಿ ನೋಡ್ರಿ," ಅಂದೆ. "ಏನೇ ಆಗಲಿ, ಈ ವಯಸ್ಸಿನಾಗ ನಾ ಬಸುರಿ ಅಂತೂ ಅಲ್ಲ!"

ಆಕೆ ಬಾಯಿ ತೆರೆದು ನನ್ನನ್ನೇ ನೋಡಿದಳು. ಸೃಜನ್ ಕೆಮ್ಮಿ ತಲೆ ತಗ್ಗಿಸಿದ. ಆದರೆ ಮಾತು ಎಲ್ಲರಿಗೂ ಮುಟ್ಟಿತ್ತು. ಕೈ ಬಸುರಿಯನ್ನು ಹುಡುಕುತ್ತಿರಲಿಲ್ಲ. ಬೇರೆ ಏನನ್ನೋ ಹುಡುಕಿ ಹಿಡಿಯುತ್ತಿತ್ತು.

ನೋವಿನ ಕೈಯನ್ನು ತಣ್ಣೀರಲ್ಲಿ ಅದ್ದಿಕೊಂಡು ಎರಡು ಪರದೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ನನ್ನ ಕಡೆ ಬರೆದಿತ್ತು, ಸೈಜು 2.10. ಸೃಜನ್ ಕಡೆ ಬರೆದಿತ್ತು, ಸೈಜು 2.1.

"ನಿನ್ನ ಕಡೆ ಒಂದು ಸೊನ್ನೆ ಬಿದ್ದುಹೋಗಿದೆ," ಅಂದೆ.

"ಬಿದ್ರೆ ಎಂತ ಮೇಡಂ? ನಿಮ್ಮಲ್ಲಿ ಅದು ಅಕ್ಷರ, ನಮ್ಮಲ್ಲಿ ಸಂಖ್ಯೆ. ಅಕ್ಷರವನ್ನು ಸಂಖ್ಯೆ ಮಾಡುವಾಗ ಕೊನೆಯ ಸೊನ್ನೆ ಹೋಗ್ತದೆ. ಎರಡು ಪಾಯಿಂಟ್ ಒಂದು ಸೊನ್ನೆ, ಎರಡು ಪಾಯಿಂಟ್ ಒಂದು, ಎರಡೂ ಒಂದೇ ಅಲ್ವ? ಶಾಲೆಯಲ್ಲಿ ಕಲಿತದ್ದೇ."

ಹೌದಲ್ಲ ಅಂತ ನಾನೂ ತಲೆ ಆಡಿಸಿದೆ. ಇಬ್ಬರೂ ಪದವೀಧರರು, ಇಬ್ಬರೂ ಒಂದೇ ಹಳ್ಳಕ್ಕೆ ಬಿದ್ದೆವು. ದಸ್ತಗೀರಸಾಬ ತಂದಿದ್ದ ಬಳೆಯ ಕಟ್ಟುಗಳನ್ನು ಹೊತ್ತು ತರುವ ಕೋಲಿಗೆ ವಾಪಸ್ ಏರಿಸುತ್ತಿದ್ದ, ನಾನು ಸುಮ್ಮನೆ ಆ ಕಡೆ ನೋಡುತ್ತಿದ್ದೆ. ಎರಡು ಎರಡು, ಎರಡು ನಾಲ್ಕು, ಎರಡು ಆರು, ಎರಡು ಎಂಟು. ಎರಡು ಹತ್ತನ್ನು ಆತ ಎರಡು ಎಂಟಾದ ಮೇಲೆ ಏರಿಸಿದ. ಅವನ ಅಂಗಡಿಯ ಗೂಟಗಳ ಸಾಲಲ್ಲೂ ಅದು ಅಲ್ಲೇ, ಕೊನೆಯಲ್ಲಿ ತೂಗುತ್ತಿದ್ದದ್ದು ನೆನಪಾಯಿತು.

ಎದ್ದು ಹೋಗಿ ಎರಡು ಎರಡರ ಸೈಜಿನದೊಂದು, ಎರಡು ಹತ್ತರ ಸೈಜಿನದೊಂದು ಬಳೆ ಕೇಳಿ ತೆಗೆದುಕೊಂಡೆ. ಮೇಜಿನ ಮೇಲೆ ಎರಡು ಹತ್ತನ್ನು ಇಟ್ಟು ಅದರೊಳಗೆ ಎರಡು ಎರಡನ್ನು ಬಿಟ್ಟೆ. ತಟ್ಟೆಯೊಳಗೆ ಲೋಟ ಇಟ್ಟ ಹಾಗೆ ಆರಾಮಾಗಿ ಕೂತಿತು, ಸುತ್ತ ಜಾಗ ಉಳಿಯಿತು.

"ಸೃಜನ್, ನಿನ್ನ ಲೆಕ್ಕದಲ್ಲಿ ಇವೆರಡರಲ್ಲಿ ಯಾವುದು ದೊಡ್ಡದು?"

ಅವನು ಬಂದು ನೋಡಿದ. ನೋಡುತ್ತಲೇ ನಿಂತ. "ಅಯ್ಯೋ ದೇವರೇ," ಅಂದ. "ಇದು ದಶಾಂಶವೇ ಅಲ್ಲ ಮಾರಾಯ್ರೆ."

ಅಲ್ಲ. ಬಳೆಯ ಪೇಟೆಯಲ್ಲಿ ಆ ಚುಕ್ಕೆಗೆ ದಶಾಂಶದ ಅರ್ಥವೇ ಇಲ್ಲ. ಇಂಚನ್ನು ಹದಿನಾರು ಭಾಗ ಮಾಡಿರುತ್ತಾರೆ, ಹಿಂದಿನವರು ರೂಪಾಯಿಯನ್ನು ಹದಿನಾರು ಆಣೆ ಮಾಡಿದ್ದಂತೆ. ಎರಡು ನಾಲ್ಕು ಅಂದರೆ ಎರಡು ಇಂಚು, ಅದರ ಮೇಲೆ ನಾಲ್ಕು ಭಾಗ. ಎರಡು ಹತ್ತು ಅಂದರೆ ಎರಡು ಇಂಚಿನ ಮೇಲೆ ಹತ್ತು ಭಾಗ. ಎಂಟರವರೆಗೆ ಅದನ್ನು ಸಂಖ್ಯೆ ಅಂತ ಓದಿದರೂ ಸಾಲು ಕೆಡುವುದಿಲ್ಲ, ಚಿಕ್ಕದು ಚಿಕ್ಕದಾಗಿಯೇ ದೊಡ್ಡದು ದೊಡ್ಡದಾಗಿಯೇ ಇರುತ್ತದೆ. ಅದಕ್ಕೇ ರಬ್ಬರ್ ಅಂಗೈ ಪರೀಕ್ಷೆ ಪಾಸಾದದ್ದು. ಹತ್ತಕ್ಕೆ ಬಂದಾಗ ಮಾತ್ರ ಎಲ್ಲಕ್ಕಿಂತ ದೊಡ್ಡ ಸೈಜು ಎಲ್ಲಕ್ಕಿಂತ ಚಿಕ್ಕದಾಗಿಬಿಡುತ್ತದೆ. ಕೋಡ್ ಕೈಗೆ ಹೇಳುತ್ತಿತ್ತು: ಎದುರಿಗಿರುವುದು ಪುಟ್ಟ ಹುಡುಗಿಯ ಬಳೆ, ಅದರೊಳಗೆ ತೂರುವಷ್ಟು ಅಂಗೈ ಹಿಸುಕು. ಪಾಪ, ಕೈ ಹೇಳಿದಷ್ಟೂ ಮಾಡುತ್ತಿತ್ತು. ಅಕ್ಷರವಾಗಿ ಇಟ್ಟವರು ನಾವು, ಸಂಖ್ಯೆಯಾಗಿ ಓದಿದವರು ಅವರು, ನಡುವೆ ನುಜ್ಜಾದದ್ದು ದಾಕ್ಷಾಯಣಿಯ ಹೆಬ್ಬೆರಳು.

"ಆದ್ರೆ ಮೇಡಂ," ಅಂದ ಸೃಜನ್, "ಬಸುರಿಯರಿಗೇ ಯಾಕೆ? ದಾಕ್ಷಾಯಣಿದು ಅಷ್ಟು ದೊಡ್ಡ ಕೈ ಅಲ್ಲ. ನೋಡಿ ಇಲ್ಲಿ, ಹಿಡಿಯುವಾಗ ಒಗ್ಗುಗೈ ಮುಟ್ಟಿ ಅಳೆದದ್ದು ಎರಡು ಎಂಟು ಅಂತ ಉಂಟು. ಕೂಗಿದ್ದು ಎರಡು ಹತ್ತು."

ನಾನು ಹಿಂದಿನ ಪಾಠಗಳನ್ನು ತೆರೆದೆ. ನೋವಾಯಿತು ಅಂತ ದೂರು ಕೊಟ್ಟ ಪ್ರತಿ ಬಸುರಿಯದೂ ಹಾಗೇ. ಅಳತೆ ಎರಡು ಎಂಟು, ಕೂಗಿದ್ದು ಎರಡು ಹತ್ತು. ಬಸುರಿಯರಲ್ಲದವರಿಗೆ ಯುಗಾದಿಯಿಂದೀಚೆಗೆ ಒಮ್ಮೆಯೂ ಎರಡು ಹತ್ತು ಕೂಗಿರಲಿಲ್ಲ.

"ಹುಸೇನಬಿ, ಇದ್ಯಾಕ್ರಿ ಹಿಂಗ?"

ಆಕೆ ಇನ್ನೂ ಗೋಡೆ ಹಿಡಿದೇ ನಿಂತಿದ್ದಳು. "ಬಸುರಿ ಕೈ ಅಲ್ಲೇನ್ರಿ ಅಕ್ಕಾರ? ದಿನಾ ಹೋದಂಗ ಬಾವು ಬರ್ತದ. ಇವತ್ತ ಸರಿ ಆದ ಬಳಿ ನಾಳೆ ಬಿಗಿ ಆಗಿ ಕಾಡ್ತದ. ಅದಕ್ಕ ಒಂದು ಸೈಜು ಮ್ಯಾಲೆ ಹಾಕೂದು. ನಮ್ಮತ್ತಿ ಕಲಿಸಿದ್ರು. ಕೂಸಿನ ಕೈಗೆ ಮಾಡಿದಂಗ ಮಾಡಬೇಕು ಅಂತಿದ್ರು."

ಸೃಜನ್ ಕನ್ನಡಕ ತೆಗೆದು ಒರೆಸತೊಡಗಿದ.

ನಾನು ಆಕೆಯ ಹತ್ತಿರ ಹೋದೆ. ಈ ಮಾತು ಗಟ್ಟಿಯಾಗಿಯೇ ಹೇಳಬೇಕಿತ್ತು. "ಕೇಳ್ರಿ ಇಲ್ಲಿ. ನಿಮ್ಮ ಮನಸ್ಸಿನಾಗ ಏನಿತ್ತೋ ಅದು ನಮ್ಮ ಯಾವ ಕಾಲಮ್ಮಿನಾಗೂ ಇಲ್ಲ. ಕೈ ನಿಮ್ಮಿಂದ ಕಲ್ತದ್ದು ಖರೇ. ಕಲ್ತದ್ದು ಏನು ಅಂತ ನಾ ಇಡೀ ದಾಖಲೆ ತೆಗೆದು ನೋಡೀನಿ. ಬಸುರಿ ಬಂದ್ರ ಒಂದು ಸೈಜು ದೊಡ್ಡದು. ಅಷ್ಟ. ಬ್ಯಾರೆ ಏನೂ ಕಲ್ತಿಲ್ಲ ಅದು."

"ಕಿಚ್ಚು?" ಅಂದಳು ಆಕೆ, ಮೆಲ್ಲಗೆ.

"ಇಲ್ಲ."

"ಛಲೋ ನೋಡೀರೇನ್ರಿ?"

"ಎರಡು ಕಡೆಯಿಂದನೂ ನೋಡೀವ್ರಿ," ಅಂದ ಸೃಜನ್, ಮೊದಲ ಸಲ ಗದಗಿನ ಕನ್ನಡದಲ್ಲಿ.

ಹುಸೇನಬಿ ಅಲ್ಲೇ ಕುಸಿದು ಕೂತು ಅತ್ತಳು. ದಸ್ತಗೀರಸಾಬ ಬಳೆಯ ಕೋಲನ್ನು ಕೆಳಗಿಟ್ಟು, ಆಕೆಯ ಪಕ್ಕ ಕೂತು, ಎಲ್ಲರೆದುರೇ ಆ ಒಗ್ಗುಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ನಾವಿಬ್ಬರೂ ಪರದೆಗಳ ಕಡೆ ತಿರುಗಿಕೊಂಡೆವು.

*

ರಿಪೇರಿಯ ವಿಷಯದಲ್ಲಿ ಮತ್ತೆ ಜಗಳವಾಯಿತು. 2.10 ಬಂದರೆ ಹೀಗೆ ಮಾಡು ಅಂತ ಒಂದು ಸಾಲು ಸೇರಿಸಿದರೆ ಮುಗಿಯಿತಲ್ಲ ಅಂದ ಸೃಜನ್. ನಾಳೆ ಎರಡು ಹನ್ನೆರಡು ಬಂದರೆ ಇನ್ನೊಂದು ಸಾಲಾ ಅಂದೆ. ತೇಪೆ ಹಾಕಿದ ಬಟ್ಟೆ ಪಕ್ಕದಲ್ಲಿ ಹರಿಯುತ್ತದೆ. ಕೊನೆಗೆ ಅಳತೆಯನ್ನು ಎರಡು ಭಾಗ ಮಾಡಿ ಇಟ್ಟೆವು: ಇಂಚು ಒಂದು ಕಡೆ, ಹದಿನಾರರ ಭಾಗ ಇನ್ನೊಂದು ಕಡೆ, ಎರಡೂ ಪೂರ್ಣ ಸಂಖ್ಯೆ. ಚುಕ್ಕೆಯನ್ನೇ ತೆಗೆದುಹಾಕಿದೆವು. ಡೇಟಾಬೇಸಿನಲ್ಲಿ ಇರುವ ರೂಪವೂ ಕೋಡ್ ಓದುವ ರೂಪವೂ ಹೊಂದದಿದ್ದರೆ ಸುಮ್ಮನೆ ಊಹೆ ಮಾಡದೆ, ಹಿಡಿತ ನಿಲ್ಲಿಸಿ ಕೂಗು ಹಾಕಬೇಕು ಅಂತಲೂ ಸೇರಿಸಿದೆವು. ಪರೀಕ್ಷೆಗೆ ರಬ್ಬರ್ ಅಂಗೈಗಳ ಜೊತೆ ನನ್ನದೊಂದು ಕೈ ಕಾಯಂ ಆಯಿತು.

ಸಮಿತಿಯಲ್ಲಿ ನಿರ್ದೇಶಕರು ಎರಡು ಬಳೆಗಳನ್ನು ಒಂದರೊಳಗೊಂದು ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದರು. ಪ್ರಬಂಧ ಹೋದ ದುಃಖ ಮುಖದ ಮೇಲೆ ಕಾಣುತ್ತಿತ್ತು. ಆದರೂ ಮನುಷ್ಯ ಕೆಟ್ಟವರಲ್ಲ. "ಭಾವನಾತ್ಮಕ ಕಲಿಕೆ" ಅನ್ನುವ ಮಾತನ್ನು ಅವರೇ ಹೊಡೆದುಹಾಕಿ, ದೋಷ ಕೇಂದ್ರದ್ದು ಅಂತ ಬರೆದು, ರುಜು ಮಾಡಿದರು. ಅದರ ಪ್ರತಿಯನ್ನು ದಾಕ್ಷಾಯಣಿಯ ಮನೆಗೆ ನಾನೇ ಒಯ್ದು, ಅತ್ತೆಯ ಎದುರೇ ಕೂತು ಓದಿ ಹೇಳಿದೆ. ಆಕೆ ಕೇಳಿ, "ಅದೆಲ್ಲ ನಮಗೇನ ತಿಳೀತದ," ಅಂತ ಒಳಗೆ ಎದ್ದುಹೋದಳು. ದಾಕ್ಷಾಯಣಿ ಮಾತ್ರ ನಾನು ಒಯ್ದಿದ್ದ ಆ ಎರಡು ಬಳೆಗಳನ್ನು ಒಂದರೊಳಗೊಂದು ಇಟ್ಟು ನೋಡುತ್ತ ಕೂತಿದ್ದಳು.

ಕೆಲವು ದಿನ ಕಳೆದ ಮೇಲೆ ಹೊಸ ಕೋಡ್ ಅಂಗಡಿಯಲ್ಲಿ ಹೇಗೆ ನಡೆಯುತ್ತದೆ ಅಂತ ನೋಡಲು ನಾನು, ಸೃಜನ್ ಪರದೆ, ಗುಂಡಿ ಎರಡನ್ನೂ ಹೊತ್ತುಕೊಂಡು ಬಳೆಗಾರ ಓಣಿಗೆ ಹೋದೆವು. ಗಿರಾಕಿಗಳು ಒಬ್ಬೊಬ್ಬರಾಗಿ ಬರುತ್ತಿದ್ದರು. ಚಿಕ್ಕ ಕೈಗಳೇ ಎಲ್ಲ. ಎರಡು ಹತ್ತು ಕೂಗುವ ಧೈರ್ಯ ಹುಸೇನಬಿಗೆ ಇನ್ನೂ ಬಂದಿರಲಿಲ್ಲ.

ಮಧ್ಯಾಹ್ನ ದಾಕ್ಷಾಯಣಿ ಬಂದಳು. ಒಬ್ಬಳೇ. ತುಂಬಿದ ಹೊಟ್ಟೆ, ಬಲಗೈಗೆ ಪ್ಲಾಸ್ಟರ್. ಪಕ್ಕದ ಅಂಗಡಿಯವರೂ ಇಣುಕಿದರು. ಹುಸೇನಬಿ ಎದ್ದು ನಿಂತುಬಿಟ್ಟಳು.

"ಕುಬಸದ ಬಳಿ ಅರ್ಧಕ್ಕ ನಿಂತಾವ್ರಿ ಚಾಚಿ," ಅಂದಳು ಹುಡುಗಿ. "ಈ ಕೈಗರ ಹಾಕ್ರಿ."

"ಬ್ಯಾಡವ್ವಾ. ನಿಮ್ಮತ್ತಿಯವರು..."

"ಅವರಿಗೆ ಹೇಳೇ ಬಂದೀನಿ. ನನಗೂ ಅಂಜಿಕಿ ಆಗ್ಯಾದ್ರಿ, ಇಲ್ಲ ಅನ್ನೂದಿಲ್ಲ. ಆದ್ರ ನೀವ ಹಾಕಬೇಕು." ಎಡಗೈ ಚಾಚಿದಳು.

ಹುಸೇನಬಿ ಕೂತಳು. ಬಲಗೈಯಿಂದ ಅಂಗೈ ಮುಟ್ಟಿ ನೋಡಿದಳು. ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ಸೃಜನನ ಬೆರಳು ಗುಂಡಿಯ ಮೇಲೇ ಇತ್ತು.

"ಎರಡು ಹತ್ತು ಕೊಡ್ರಿ," ಅಂದಳು.

ಒಗ್ಗುಗೈ ಆ ಅಂಗೈಯನ್ನು ಹಿಡಿಯಿತು. ಹೆಬ್ಬೆರಳನ್ನು ಮೆಲ್ಲಗೆ ಒಳಕ್ಕೆ ಮಡಿಸಿತು. ಹಸಿರು ಬಳೆ ಒಂದು ಏರಿತು, ಇನ್ನೊಂದು ಏರಿತು. ಒಂದೂ ಒಡೆಯಲಿಲ್ಲ. ದಾಕ್ಷಾಯಣಿ ಬಿಗಿಹಿಡಿದಿದ್ದ ಉಸಿರು ಬಿಟ್ಟು ನಕ್ಕಳು. ಹುಸೇನಬಿ ಕೊನೆಗೆ ತನ್ನ ಲೆಕ್ಕದಲ್ಲಿ ಒಂದು ಬಳೆ ಹೆಚ್ಚಿಗೆ ಏರಿಸಿ, ದೃಷ್ಟಿ ತಾಗದಿರಲಿ ಅಂತ ತನ್ನ ಹಣೆಗೆ ಬೆರಳು ಒತ್ತಿ ನೆಟಿಗೆ ಮುರಿದಳು. "ಸುಖವಾಗಿ ಹಡದು ಬಾರವ್ವಾ," ಅಂದಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

ಹುಡುಗಿ ಏಳಲಿಲ್ಲ. ಬಳೆ ತೊಟ್ಟ ಕೈಯಿಂದ ಆ ಒಗ್ಗುಗೈಯನ್ನು ಹಿಡಿದು, ಓಣಿಯ ಮಂದಿಯೆಲ್ಲ ನೋಡುತ್ತಿದ್ದಂತೆ, ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಇಲ್ಲಿ ನೋಡ್ರಿ ಚಾಚಿ. ಒದೀಲಿಕತ್ತದ," ಅಂದಳು.

ಕೈಗೆ ಈ ಪಾಠ ಯಾರೂ ಕಲಿಸಿರಲಿಲ್ಲ. ಸೈಜು ಇಲ್ಲ, ಕೂಗು ಇಲ್ಲ. ಬೆರಳುಗಳು ತಾವಾಗಿ ಅರಳಿ, ಒಂದು ಹೂವಿನಷ್ಟೂ ಭಾರ ಹಾಕದೆ ಸುಮ್ಮನೆ ನಿಂತವು. ಹುಸೇನಬಿ ಕಣ್ಣು ಮುಚ್ಚಿಕೊಂಡಳು. ಒಳಗಿನ ಒದೆತ ಆಕೆಯ ತೋಳಿಗೆ ಮುಟ್ಟಿದ್ದು ಮುಖದಲ್ಲೇ ತಿಳಿಯಿತು.

ನಮ್ಮ ಪರದೆಯ ಮೇಲೆ ಹೊಸ ಪಾಠವೊಂದು ಬಂದು ಕೂತಿತು. ಹಿಡಿತ, ಇಲ್ಲಿಯವರೆಗಿನ ಎಲ್ಲಕ್ಕಿಂತ ಹಗುರ. ಸೈಜಿನ ಜಾಗದಲ್ಲಿ ಏನೂ ಇರಲಿಲ್ಲ.

"ಮೇಡಂ, ಇಲ್ಲಿ ಸೊನ್ನೆ ಹಾಕಲಾ?" ಅಂತ ಸೃಜನ್ ಪಿಸುಗುಟ್ಟಿದ.

ನಾನು ಹುಸೇನಬಿಯ ಮುಖ ನೋಡುತ್ತಿದ್ದೆ.

"ಬೇಡಪ್ಪ," ಅಂದೆ. "ಖಾಲಿನೇ ಇರಲಿ."